ಕುಸುರಿಕಾಳಿನ ಪರಾತ

ಸಂಕ್ರಾಂತಿಗೆ ಇನ್ನೂ ದಿನಗಳಿರುವಾಗಲೇ ಕಲಾಯಿ ಖಾದರ್ ಸಾಹೇಬರು ನಮ್ಮ ಬೀದಿಯ ಹೊಂಗೆ ಮರದ ಕೆಳಗೆ ಗುಂಡಿ ತೋಡಿ, ಕೆಂಡಕ್ಕೆ ಗಾಳಿ ಊದುವ ತಿದಿ ಹೂಡುತ್ತಿದ್ದರು. ಬೀದಿಯ ಎಲ್ಲ ಮನೆಗಳ ಹಿತ್ತಾಳೆ ತಾಮ್ರದ ಪಾತ್ರೆಗಳೂ ಅಲ್ಲಿಗೆ ಬಂದು ಸೇರುತ್ತಿದ್ದವು. ಅವುಗಳಲ್ಲಿ ಮೊದಲು ಬೆಂಕಿಗೆ ಏರುತ್ತಿದ್ದುದು ನನ್ನ ಸೋದರತ್ತೆ ನಂಜತ್ತೆಯ ಅಗಲವಾದ ಹಿತ್ತಾಳೆ ಪರಾತ. ಅದನ್ನು ತಲೆಯ ಮೇಲೆ ಬೋರಲು ಹೊತ್ತುಕೊಂಡು ಹೋಗಿ ಕೊಡುವ ಕೆಲಸ ನನ್ನದು. ಸಾಹೇಬರು ಪರಾತಕ್ಕೆ ಮರಳು ಹಾಕಿ, ಅದರೊಳಗೆ ನಿಂತು ಕಾಲಿನಿಂದಲೇ ಸುತ್ತಿ ಸುತ್ತಿ ಉಜ್ಜಿ, ಆಮೇಲೆ ಕೆಂಡದ ಮೇಲೆ ಕಾಯಿಸಿ ನವಸಾಗರದ ಪುಡಿ ಚೆಲ್ಲುತ್ತಿದ್ದರು. ಮೂಗು ಕಟ್ಟುವ ಬಿಳಿ ಹೊಗೆ ಏಳುತ್ತಿತ್ತು. ಆ ಹೊಗೆಯಲ್ಲೇ ತವರದ ಕಡ್ಡಿಯನ್ನು ಒಂದು ಸಲ ಮುಟ್ಟಿಸಿ ಹತ್ತಿಯ ಉಂಡೆಯಿಂದ ಒರೆಸಿದರೆ ಪರಾತದ ಒಳಮೈಯೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ನಾನು ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದೆ. ಪರಾತ ವಾಪಸು ಕೊಡುವಾಗ ಸಾಹೇಬರು ಪ್ರತಿ ವರ್ಷವೂ ಒಂದೇ ಮಾತು ಹೇಳುತ್ತಿದ್ದರು.

"ನಂಜಮ್ಮನವರಿಗೆ ಹೇಳು ಬಾಬಾ, ಖಾಲಿ ಪರಾತ ಬೆಂಕಿ ಮೇಲೆ ಬಿಡಬಾರದು ಅಂತ. ಒಳಗೇನೂ ಇಲ್ದೆ ಕಾದ್ರೆ ಕಲಾಯಿ ಕರಗಿ ಹೋಗತ್ತೆ."

ನಾನು ಮನೆಗೆ ಬಂದು ಹಾಗೆಯೇ ಒಪ್ಪಿಸುತ್ತಿದ್ದೆ. ನಂಜತ್ತೆಯೂ ಪ್ರತಿ ವರ್ಷ ಒಂದೇ ಉತ್ತರ ಕೊಡುತ್ತಿದ್ದಳು.

"ನನಗೇ ಪಾಠ ಹೇಳಿ ಕಳಿಸ್ತಾರಾ ಸಾಬ್ರು? ನಾನು ಕುಸುರಿ ಮಾಡೋಕೆ ಕೂತಾಗ ಅವರಿಗಿನ್ನೂ ಮೀಸೆ ಬಂದಿರ್ಲಿಲ್ಲ ಕಣೋ."

ನಂಜತ್ತೆ ನಮ್ಮಪ್ಪನ ಅಕ್ಕ. ಪುಂಗನೂರಿನ ಕಡೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು. ಅಲ್ಲಿಂದ ಅವಳು ತಂದದ್ದು ಆ ಪರಾತ ಮತ್ತು ಒಂದಷ್ಟು ತೆಲುಗು. ಪ್ರೀತಿ ಬಂದಾಗಲೂ ಸಿಟ್ಟು ಬಂದಾಗಲೂ ನನ್ನನ್ನು ನಾಯನಾ ಎಂದೇ ಕರೆಯುತ್ತಿದ್ದಳು; ಯಾವುದು ಎನ್ನುವುದನ್ನು ದನಿಯಿಂದ ತಿಳಿದುಕೊಳ್ಳಬೇಕಾಗಿತ್ತು. ಮನೆಯ ಯಾವ ವಿಷಯದಲ್ಲೂ ಅವಳನ್ನು ಕೇಳುವವರಿರಲಿಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲೂ ಕಚೇರಿಯ ಗತ್ತಿನಲ್ಲೇ ಇರುತ್ತಿದ್ದರು. ಅಡಿಗೆಮನೆ ಅಮ್ಮನದು. ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು, ಅಕ್ಕಿ ಆರಿಸುತ್ತಿದ್ದಳು, ನನ್ನ ತಂಗಿ ಸರೋಜಳಿಗೆ ಜಡೆ ಹಾಕುತ್ತಿದ್ದಳು. ಊಟದ ಹೊತ್ತಿಗೆ ಎಲ್ಲರದೂ ಆದ ಮೇಲೆ ಅಡಿಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಉಣ್ಣುತ್ತಿದ್ದಳು. ಆದರೆ ಸಂಕ್ರಾಂತಿಗೆ ಮುಂಚಿನ ಆ ಒಂದು ವಾರ ಮನೆ ಅವಳ ಮಾತಿನಂತೆ ನಡೆಯುತ್ತಿತ್ತು. ಹಿತ್ತಲಿಗೆ ತೆರೆದುಕೊಂಡ ಚಪ್ಪರದ ಕೆಳಗೆ ಅವಳು ಇದ್ದಲಿನ ಕುಂಪಟಿ ಇಟ್ಟುಕೊಂಡು ಕೂತಳೆಂದರೆ ಅಪ್ಪ ಕೂಡ ಆ ಕಡೆಯ ಬಾಗಿಲನ್ನು ಮೆಲ್ಲಗೆ ಹಾಕುತ್ತಿದ್ದರು, ಗಾಳಿ ಆಡಬಾರದೆಂದು.

ಕುಸುರಿಕಾಳು ಎಂದರೆ ಇಂದಿನ ಮಕ್ಕಳಿಗೆ ಅಂಗಡಿಯ ಬಣ್ಣಬಣ್ಣದ ಜೀರಿಗೆ ಪೆಪ್ಪರಮೆಂಟೇ ನೆನಪಾಗಬಹುದು. ಅತ್ತೆ ಮಾಡುತ್ತಿದ್ದುದು ಬೇರೆ. ಹುರಿದ ಎಳ್ಳನ್ನು ಪರಾತದಲ್ಲಿ ಹರಡಿ, ಬೂದಿ ಮುಚ್ಚಿದ ಕೆಂಡದ ಮೇಲಿಟ್ಟು, ಹಾಲು ಹಾಕಿ ಕೊಳೆ ತೆಗೆದು ಬಟ್ಟೆಯಲ್ಲಿ ಸೋಸಿದ ಸಕ್ಕರೆಪಾಕವನ್ನು ಚಮಚದ ತುದಿಯಿಂದ ಹನಿಹನಿಯಾಗಿ ಬಿಡುವುದು. ಬಿಟ್ಟ ಹನಿ ಒಣಗುವವರೆಗೆ ಬೆರಳ ತುದಿಯಿಂದ ಕಾಳುಗಳನ್ನು ಉರುಳಿಸುತ್ತಲೇ ಇರುವುದು. ಮತ್ತೆ ಇನ್ನೊಂದು ಹನಿ. ಚಳಿಯ ಬೆಳಗಿನಲ್ಲಿ ಮಾತ್ರ ಈ ಕೆಲಸ. ಬಿಸಿಲೇರಿದ ಕೂಡಲೇ ಕಾಳನ್ನು ಮೊರದ ಬಿಳಿ ಬಟ್ಟೆಗೆ ಸುರಿದು ಮುಚ್ಚಿಡುತ್ತಿದ್ದಳು. ಮೊದಲ ದಿನ ಎಳ್ಳು ಬೂದಿ ಬಳಿದುಕೊಂಡಂತೆ ಕಾಣುತ್ತಿತ್ತು. ಮೂರನೆಯ ದಿನಕ್ಕೆ ಬೆಳ್ಳಗೆ ನುಣ್ಣಗೆ ಆಗುತ್ತಿತ್ತು. ಆಮೇಲೊಂದು ಬೆಳಿಗ್ಗೆ, ಯಾವಾಗ ಎಂದು ಅವಳಿಗೂ ಗೊತ್ತಿರುತ್ತಿರಲಿಲ್ಲ, ಕಾಳಿನ ಮೈಮೇಲೆ ಸಣ್ಣ ಸಣ್ಣ ಮುಳ್ಳುಗಳು ಏಳುತ್ತಿದ್ದವು. ಆಗ ಅವಳು ಕೈ ನಿಲ್ಲಿಸದೆ, ತಲೆಯೆತ್ತದೆ, ಬಾ ಎಂದು ನನ್ನನ್ನು ಕರೆದು ಒಂದೇ ಒಂದು ಕಾಳನ್ನು ನಾಲಗೆಯ ಮೇಲೆ ಇಡುತ್ತಿದ್ದಳು. ಆ ಮುಳ್ಳು ನಾಲಗೆಗೆ ಚುಚ್ಚಿ ಕರಗುವುದಿತ್ತಲ್ಲ, ಅದಕ್ಕೆ ಸಮನಾದದ್ದನ್ನು ನಾನು ಆಮೇಲೆ ತಿಂದಿಲ್ಲ. ಹಬ್ಬದ ದಿನ ಎಳ್ಳು ಬೀರಲು ಹೋದಾಗ ಬೀದಿಯ ಹೆಂಗಸರು ನಮ್ಮ ಮನೆಯ ಪೊಟ್ಟಣವನ್ನು ಮೊದಲು ಬಿಚ್ಚುತ್ತಿದ್ದರು. ನಂಜಮ್ಮನವರ ಕುಸುರಿ ಎನ್ನುತ್ತಿದ್ದರು. ವರ್ಷದಲ್ಲಿ ಅವಳ ಹೆಸರು ಮನೆಯಿಂದ ಹೊರಗೆ ಕೇಳುತ್ತಿದ್ದುದು ಆ ಒಂದು ದಿನ. ಖಾದರ್ ಸಾಹೇಬರ ಮನೆಗೂ ಒಂದು ದೊಡ್ಡ ಪೊಟ್ಟಣ ಹೋಗುತ್ತಿತ್ತು.

ಅದು ಎರಡನೆಯ ಮಹಾಯುದ್ಧದ ಕಾಲ. ಸಕ್ಕರೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಅಮ್ಮ ತಿಂಗಳುಗಟ್ಟಲೆ ಕಾಫಿಗೆ ಬೆಲ್ಲ ಹಾಕಿ, ಪಾಲಿಗೆ ಬಂದ ಸಕ್ಕರೆಯನ್ನೆಲ್ಲ ಅತ್ತೆಯ ಕುಸುರಿಗೆಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ಆ ಚಳಿಗಾಲದಲ್ಲಿ ಅಮ್ಮನ ತಮ್ಮ ಸುಬ್ಬು ಮಾವ ಬೆಂಗಳೂರಿನಿಂದ ಬಂದ. ಅವನಿಗೆ ದಂಡಿನಲ್ಲಿ ಮಿಲಿಟರಿಯವರ ಉಗ್ರಾಣದಲ್ಲಿ ಕೆಲಸ. ನನಗೂ ಸರೋಜಳಿಗೂ ತಲಾ ಒಂದು ಚಾಕೊಲೇಟು ತಂದಿದ್ದ, ಬೆಳ್ಳಿ ಕಾಗದ ಸುತ್ತಿದ್ದು. ನಾವು ಅದುವರೆಗೆ ಚಾಕೊಲೇಟನ್ನು ಕಂಡಿರಲಿಲ್ಲ. ಸರೋಜ ಅಂಟುವ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾ ಅಲ್ಲೇ ನಿಂತು ತಿಂದು ಮುಗಿಸಿದಳು. ಅದರಲ್ಲಿ ಏನೇನು ಹಾಕಿರುತ್ತಾರೋ ಎಂದು ಅಮ್ಮ ಮುಟ್ಟಲಿಲ್ಲ, ಅತ್ತೆ ಹತ್ತಿರ ಕೂಡ ಬರಲಿಲ್ಲ. ನಾನು ಮಾತ್ರ ನನ್ನದನ್ನು ಶಾಲೆಯಲ್ಲಿ ತೋರಿಸಬೇಕೆಂದು ಎತ್ತಿಟ್ಟುಕೊಂಡೆ. ಆದರೆ ಜೇಬಿನಲ್ಲಿಟ್ಟ ಸ್ವಲ್ಪ ಹೊತ್ತಿಗೆಲ್ಲ ಅದು ಮೆತ್ತಗಾಗುತ್ತಿತ್ತು. ಆಗ ಮಾವ ಹೇಳಿದ್ದು ನನ್ನ ತಲೆಯಲ್ಲಿ ಹೊಕ್ಕು ಕೂತುಬಿಟ್ಟಿತು.

"ದಂಡಿನ ಅಂಗಡೀಲಿ ಇನ್ನೊಂದು ಥರದ್ದು ಸಿಗತ್ತೆ ಕಣ್ಲಾ. ಗೋಲಿ ಹಂಗೆ ಇರತ್ತೆ. ಮೇಲೆ ಗಟ್ಟಿ ಸಕ್ಕರೆ, ಒಳಗೆ ಚಾಕ್ಲೇಟು. ಬಿಸಿಲಲ್ಲಿ ಹಿಡ್ಕೊಂಡ್ರೂ ಕೈಗೆ ಅಂಟಲ್ಲ."

ಗಟ್ಟಿ ಸಕ್ಕರೆಯ ಹೊದಿಕೆ ಹಾಕುವುದು ನಮ್ಮ ಮನೆಯಲ್ಲೇ ಆಗುವ ಕೆಲಸವಲ್ಲವೇ ಎಂದುಕೊಂಡೆ. ಅತ್ತೆಯನ್ನು ಕೇಳಿದ್ದರೆ ಮಾಡಿಕೊಡುತ್ತಿರಲಿಲ್ಲ. ಆ ವಸ್ತುವನ್ನು ಹಬ್ಬದ ಪರಾತಕ್ಕೆ ಹಾಕುವ ಮಾತೇ ಇರಲಿಲ್ಲ. ಮಾಡುವುದನ್ನು ಪ್ರತಿ ವರ್ಷ ನೋಡಿದ್ದೇನಲ್ಲ, ನಾನೇ ಮಾಡಿದರಾಯಿತು ಎಂದು ತೀರ್ಮಾನಿಸಿದೆ. ಕುಸುರಿಗೆ ಇನ್ನೂ ಮುಳ್ಳು ಬಂದಿರದ ಒಂದು ಭಾನುವಾರ ಅದು. ಬಿಸಿಲೇರಿದ ಮೇಲೆ ಅತ್ತೆ ಎಂದಿನಂತೆ ಕಾಳನ್ನು ಮೊರಕ್ಕೆ ಸುರಿದು, ಪರಾತ ತೊಳೆದು, ಕೆಂಡಕ್ಕೆ ದಪ್ಪಗೆ ಬೂದಿ ಮುಚ್ಚಿ, ಆ ಬೆಚ್ಚಗಿನ ಬೂದಿಯ ಮೇಲೆ ಪರಾತವನ್ನು ಒಣಗಲು ಇಟ್ಟು, ಮಧ್ಯಾಹ್ನ ಒಳಗೆ ಹೋಗಿ ಮಲಗಿದಳು. ಪರಾತದಲ್ಲಿ ಒಂದಿಷ್ಟು ತೇವ ಉಳಿದರೂ ಮಾರನೆಯ ದಿನ ಪಾಕ ಹಿಡಿಯುವುದಿಲ್ಲವೆಂದು ಅವಳು ದಿನವೂ ಹಾಗೆ ಮಾಡುತ್ತಿದ್ದಳು. ನಾನು ಪರಾತ ಇಳಿಸಿ, ಬೂದಿ ಕೆದಕಿ, ಇನ್ನಷ್ಟು ಇದ್ದಲು ಹಾಕಿ ಬೀಸಣಿಗೆಯಿಂದ ಬೀಸಿದೆ. ಕೆಂಡ ಕೆಂಪಗಾದ ಮೇಲೆ ಪರಾತ ಏರಿಸಿ, ಉಳಿದ ಪಾಕ ತರಲು ಒಳಗೆ ಹೋದೆ. ನಡುಮನೆಯ ಗೂಡಿನಲ್ಲಿದ್ದ ಪಾಕದ ಗಿಂಡಿಗೆ ಕೈ ಹಾಕುವಷ್ಟರಲ್ಲಿ ಮುಂಬಾಗಿಲಿನಿಂದ ಅಪ್ಪ ಕೂಗಿದರು. ಕಚೇರಿಯಿಂದ ಯಾರೋ ಬಂದಿದ್ದರು. ಅವರಿಗೆ ನೀರು ಕೊಡು, ಚಾಪೆ ಹಾಸು, ನಿನ್ನ ಕ್ಲಾಸು ಯಾವುದು ಹೇಳು, ಒಂದು ಪದ್ಯ ಹೇಳು. ನಾನು ಪದ್ಯವನ್ನು ಪೂರ್ತಿ ಹೇಳಿದೆ. ಅಪ್ಪನ ಮುಖ ಅರಳಿತ್ತು. ಜಾಣ ಹುಡುಗ ಎಂದು ಬಂದವರು ಬೆನ್ನು ತಟ್ಟಿದರು.

ಚಪ್ಪರಕ್ಕೆ ಮರಳಿ ಬಂದಾಗ ಪರಾತದ ನಡುವೆ ಕಲಾಯಿ ನೀರಿನಂತೆ ನಡುಗುತ್ತಿತ್ತು. ನೋಡನೋಡುತ್ತಿದ್ದಂತೆ ಅಲ್ಲಲ್ಲಿ ಹನಿಗೂಡಿ ಸರಿಯಿತು, ಸರಿದ ಕಡೆ ಹಿತ್ತಾಳೆಯ ಹಳದಿ ಕಂಡಿತು. ಗಾಬರಿಯಲ್ಲಿ ಗೋಣಿಚೀಲದಿಂದ ಹಿಡಿದು ಇಳಿಸಿದೆ. ಅಷ್ಟಾದರೂ ಬುದ್ಧಿ ಬರಲಿಲ್ಲ. ಪರಾತ ಸ್ವಲ್ಪ ಆರಿದ್ದೀತೆಂದು ಚಾಕೊಲೇಟಿನ ಒಂದು ತುಂಡನ್ನು ಹಾಕಿದೆ. ಅದು ಚುಯ್ ಎಂದು ಕರಗಿ ಕಪ್ಪಾಯಿತು. ಅದರ ಕಮಟು ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಆಮೇಲೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಎಲ್ಲ ತಂದು ಬಚ್ಚಲಲ್ಲಿ ಕೂತು ಉಜ್ಜಿದೆ. ಉಜ್ಜಿದಷ್ಟೂ ಕಲಾಯಿ ಇನ್ನಷ್ಟು ಹೋಯಿತು. ಕೊನೆಗೆ ಕೆಂಡದ ಮೇಲೆ ಮೊದಲಿನಂತೆ ಬೂದಿ ಎಳೆದು, ಪರಾತವನ್ನು ಮೊದಲಿದ್ದಂತೆಯೇ ಅದರ ಮೇಲಿಟ್ಟು ಬಂದೆ. ಎಲ್ಲವನ್ನೂ ಇದ್ದ ಹಾಗೆ ಇಟ್ಟುಬಿಟ್ಟರೆ ಏನೂ ಆಗಿಲ್ಲ ಎಂದು ಆ ವಯಸ್ಸಿನಲ್ಲಿ ಅನ್ನಿಸುತ್ತದೆ. ಸಂಜೆ ಅತ್ತೆ ಎದ್ದು ಬಂದು ಪರಾತ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡಳು. ಬೂದಿಯ ಕೆಳಗೆ ಕೆಂಡ ಇನ್ನೂ ಜೋರಾಗಿತ್ತು. ಅವಳು ಕುಂಪಟಿಯನ್ನು ಬಗ್ಗಿ ನೋಡಿ, ಪರಾತ ಇಳಿಸಿ ಬಟ್ಟೆ ಮುಚ್ಚಿದಳು. ಚಪ್ಪರದಲ್ಲಿ ಆಗಲೇ ಕತ್ತಲೆ ಕವಿದಿತ್ತು.

ಮಾರನೆಯ ಬೆಳಿಗ್ಗೆ ಅವಳು ಲಾಟೀನಿನ ಬೆಳಕಿನಲ್ಲಿ ಕೆಲಸಕ್ಕೆ ಕೂತಳು. ಆ ಮಬ್ಬಿನಲ್ಲಿ ಕಲಾಯಿ ಹೋದದ್ದು ಅವಳಿಗೆ ಕಾಣಲಿಲ್ಲ. ಬೆಳಕು ಹರಿದಾಗ ಕಾಳುಗಳು ಸೀಸದ ಕಡ್ಡಿಯ ಬಣ್ಣಕ್ಕೆ ತಿರುಗಿದ್ದವು. ಮುಳ್ಳಿನ ಸುಳಿವೇ ಇರಲಿಲ್ಲ. ಅಮ್ಮ ಬಂದು ನೋಡಿ ಬಾಯಿಗೆ ಸೆರಗು ಹಿಡಿದಳು. ಮನೆಯ ಸಕ್ಕರೆಯೆಲ್ಲ ಅದರೊಳಗಿತ್ತು. ಅಪ್ಪ ಪರಾತವನ್ನು ಅಂಗಳಕ್ಕೆ ತರಿಸಿ ತಿರುಗಿಸಿ ನೋಡಿದರು. ಯುದ್ಧದಿಂದಾಗಿ ತವರ ಸಿಗುತ್ತಿಲ್ಲ, ಕಲಾಯಿಯವರು ಸೀಸ ಬೆರೆಸುತ್ತಿದ್ದಾರೆ ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದನ್ನು ಅವರು ಕೇಳಿದ್ದರು. ಸೀಸ ವಿಷ. ಆ ಮಾತು ಹೊರಬಿದ್ದ ಮೇಲೆ ಬೇರೇನೂ ಯೋಚಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಖಾದರ್ ಸಾಹೇಬರನ್ನು ಕರೆದುಕೊಂಡು ಬರಲು ನನ್ನನ್ನೇ ಕಳಿಸಿದರು. ನಾನು ಹೋದೆ. ಅವರು ತಿದಿ ಬಿಟ್ಟು, ಕೈ ತೊಳೆದುಕೊಂಡು ನನ್ನ ಜೊತೆ ಬಂದರು. ಏನು ವಿಷಯ ಬಾಬಾ ಎಂದು ದಾರಿಯಲ್ಲಿ ಕೇಳಿದರು. ನನಗೆ ಗೊತ್ತಿಲ್ಲ ಎಂದೆ.

ಜಗಲಿಯ ಮೇಲೆ ಅಪ್ಪ, ಕೆಳಗೆ ಸಾಹೇಬರು. ಎದುರು ಮನೆಯವರು, ಪಕ್ಕದ ಮನೆಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತರು. ಅಪ್ಪ ದನಿ ಏರಿಸಲಿಲ್ಲ, ಅವರು ದನಿ ಏರಿಸುವವರಲ್ಲ. ಮಕ್ಕಳು ತಿನ್ನುವ ಪದಾರ್ಥಕ್ಕೆ ವಿಷ ಬೆರೆಸಿದೆಯಲ್ಲ ಎಂದರು. ಈ ಬೀದಿಯಲ್ಲಿ ಇನ್ನು ಮೇಲೆ ಯಾರೂ ನಿನಗೆ ಪಾತ್ರೆ ಕೊಡದ ಹಾಗೆ ನೋಡಿಕೊಳ್ಳುತ್ತೇನೆ ಎಂದರು. ಸಾಹೇಬರು ಪರಾತವನ್ನು ಕೈಯಲ್ಲಿ ತೆಗೆದುಕೊಂಡು ನೋಡುತ್ತಾ ನಿಂತಿದ್ದರು.

"ಸ್ವಾಮಿ, ಸೀಸ ಹಾಕೋನಲ್ಲ ನಾನು. ನಮ್ಮ ಮನೇಲೂ ಇದೇ ಕಲಾಯಿ ಪಾತ್ರೇಲೇ ಉಣ್ಣೋದು. ಬೇಕಾದ್ರೆ ಬಂದು ನೋಡಿ."

"ನಿಮ್ಮನೆ ನೋಡಿ ನನಗೇನಾಗಬೇಕು? ಇದನ್ನ ನೋಡು, ಇದಕ್ಕೇನು ಹೇಳ್ತೀಯ?"

ಅವರು ಹೇಳುವುದಕ್ಕೆ ಬಾಯಿ ತೆರೆದರು. ಖಾಲಿ ಪರಾತ ಕಾದಿದೆ ಎನ್ನುವ ಮಾತು ಅವರ ಬಾಯಿಗೆ ಬಂದಿತ್ತು ಎಂದು ಈಗ ನನಗೆ ಅನ್ನಿಸುತ್ತದೆ. ಆದರೆ ಅದನ್ನು ಹೇಳಿದರೆ ತಪ್ಪು ಮನೆಯ ಹೆಂಗಸಿನ ಮೇಲೆ ಹೋಗುತ್ತದೆ. ಅವರು ಹಿತ್ತಾಳೆ ಕಂಡ ಜಾಗವನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದರು. ನಾನು ಕಂಬದ ಮಗ್ಗುಲಲ್ಲಿ ನಿಂತಿದ್ದೆ. ಅಷ್ಟರಲ್ಲಿ ನನ್ನ ಹಿಂದಿನ ಬಾಗಿಲು ತೆರೆದು ನಂಜತ್ತೆ ಹೊರಗೆ ಬಂದಳು. ನಾಲ್ಕು ಜನರ ಎದುರಿಗೆ ಜಗಲಿಗೆ ಬಂದು ನಿಂತವಳೇ ಅಲ್ಲ ಅವಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಪ್ಪನ ಬೆನ್ನಿಗೆ ಹೇಳಿದಳು.

"ಅವರನ್ನ ಬಿಡು ಶಾಮ. ನನ್ನಿಂದ ಆದದ್ದು. ನಿನ್ನೆ ಪರಾತನ ಕೆಂಡದ ಮೇಲಿಟ್ಟು ಮರೆತು ಮಲಗಿಬಿಟ್ಟೆ. ಸಂಜೆ ಬಂದು ಮುಟ್ಟಿದ್ರೆ ಕೈ ಸುಡ್ತು."

ಅಪ್ಪ ತಿರುಗಿ ನೋಡಿದರು. ಸಾಹೇಬರು ಪರಾತವನ್ನು ಜಗಲಿಯ ಅಂಚಿಗೆ ಮೆಲ್ಲನೆ ಇಟ್ಟರು.

"ಆಗತ್ತೆ ಅಮ್ಮಾ. ವಯಸ್ಸಾದ ಮೇಲೆ ಎಲ್ರಿಗೂ ಆಗತ್ತೆ. ಕೊಡಿ, ಇನ್ನೊಂದು ಸಲ ಹಾಕಿಕೊಡ್ತೀನಿ."

ಅವರು ಸಮಾಧಾನಕ್ಕೆಂದೇ ಹೇಳಿದ್ದು. ಅತ್ತೆ ಪರಾತ ಎತ್ತಿಕೊಂಡು ಒಳಗೆ ಹೋದಳು. ಹಾಳಾದ ಕುಸುರಿಯನ್ನು ಅಮ್ಮ ಸೀಬೆ ಗಿಡದ ಬುಡಕ್ಕೆ ಸುರಿದಳು. ಇರುವೆಗಳು ಸಾಲುಗಟ್ಟಿ ಬಂದವು. ವಿಷವಿದ್ದರೆ ಸಾಯುತ್ತವೆಂದು ಅಮ್ಮ ಆಗಾಗ ಹೋಗಿ ಬಗ್ಗಿ ನೋಡಿದಳು. ಒಂದೂ ಸಾಯಲಿಲ್ಲ. ಸಂಜೆಯ ಹೊತ್ತಿಗೆ ಬುಡ ಸ್ವಚ್ಛವಾಗಿತ್ತು. ಅಪ್ಪ ಮಾರನೆಯ ದಿನ ಮನೆಯ ಹಂಡೆಯನ್ನೂ ಕೊಳಗವನ್ನೂ, ಕಲಾಯಿ ಚೆನ್ನಾಗಿಯೇ ಇದ್ದರೂ, ಸಾಹೇಬರಿಗೆ ಕಳಿಸಿದರು. ಅವರ ಕ್ಷಮೆ ಕೇಳುವ ರೀತಿ ಅದು. ಸಾಹೇಬರ ಕೆಲಸಕ್ಕೆ ಏನೂ ತೊಂದರೆಯಾಗಲಿಲ್ಲ. ಇಷ್ಟಕ್ಕೆ ಮುಗಿಯಿತಲ್ಲ, ಯಾರಿಗೂ ಗೊತ್ತಾಗಲಿಲ್ಲವಲ್ಲ ಎಂದು ನನಗೂ ಹಗುರವಾಯಿತು. ಉಳಿದ ಚಾಕೊಲೇಟನ್ನು ಶಾಲೆಗೆ ತೆಗೆದುಕೊಂಡು ಹೋಗಲಿಲ್ಲ. ಹಿತ್ತಲಿನ ಗೋಡೆಯ ಮರೆಯಲ್ಲಿ ಕೂತು ತಿಂದು ಮುಗಿಸಿದೆ. ರುಚಿಯಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ.

ಅತ್ತೆ ನನ್ನನ್ನು ಉಳಿಸಲು ತಪ್ಪನ್ನು ಮೈಮೇಲೆ ಹಾಕಿಕೊಂಡಳೆಂದು ಬಹಳ ದಿನ ಅಂದುಕೊಂಡಿದ್ದೆ. ಅದರಲ್ಲಿ ನನಗೊಂದು ಸುಖವೂ ಇತ್ತು. ಆದರೆ ಅವಳು ಹಾಗೆ ಮಾಡಿರಲಿಲ್ಲ. ತಾನೇ ಮರೆತೆ ಎಂದು ಅವಳು ನಿಜವಾಗಿ ನಂಬಿದ್ದಳು. ನಾನು ಎಲ್ಲವನ್ನೂ ಇದ್ದ ಹಾಗೆ ಇಟ್ಟು ಬಂದಿದ್ದೆನಲ್ಲ, ಬೇರೇನನ್ನು ನಂಬಲು ಅವಳಿಗೆ ದಾರಿ ಎಲ್ಲಿತ್ತು? ಚಾಕೊಲೇಟು ಸುಟ್ಟ ವಾಸನೆ ಹೇಗಿರುತ್ತದೆಂದು ತಿಳಿದಿದ್ದ ಮೂಗು ಆ ಮನೆಯಲ್ಲಿ ನನ್ನದೊಂದೇ.

ಮುಂದಿನ ಸಂಕ್ರಾಂತಿಗೆ ಅಮ್ಮ ಸಕ್ಕರೆ ಎತ್ತಿಡಲಿಲ್ಲ. ಅತ್ತೆಯೂ ಕೇಳಲಿಲ್ಲ. ಪೇಟೆಯಿಂದ ಗುಲಾಬಿ ಬಣ್ಣದ ಜೀರಿಗೆ ಪೆಪ್ಪರಮೆಂಟು ಬಂತು. ಬೀದಿಯವರು ಒಂದೆರಡು ವರ್ಷ ನಂಜಮ್ಮನವರ ಕುಸುರಿ ಎಲ್ಲಿ ಎಂದು ಕೇಳಿದರು, ಆಮೇಲೆ ಬಿಟ್ಟರು. ಪರಾತ ಅಟ್ಟ ಸೇರಿತು. ಅಮ್ಮ ಕೆಟ್ಟವಳಲ್ಲ. ಅತ್ತಿಗೆ, ನೀವು ಬೆಂಕಿ ಹತ್ರ ಬರೋದು ಬೇಡ, ನಾನು ನೋಡ್ಕೋತೀನಿ ಎಂದು ಮೆತ್ತಗೆಯೇ ಹೇಳುತ್ತಿದ್ದಳು. ಮಾವಿನ ಕಾಲ ಬಂದಾಗ ಉಪ್ಪಿನಕಾಯಿಯ ಜಾಡಿಗೆ ಉಪ್ಪು ಹಾಕುವ ಕೆಲಸವೂ ಅತ್ತೆಯ ಕೈಯಿಂದ ಹೋಯಿತು. ಎರಡು ಸಲ ಹಾಕಿಬಿಟ್ಟರೆ ಎಂಬ ಭಯ. ಸರೋಜ ಕೂಡ ತಮಾಷೆಗೆ, ಅತ್ತೆ ನನಗೆ ಜಡೆ ಹಾಕಿದ್ಯೋ ಇಲ್ವೋ ನೆನಪಿದ್ಯಾ ಎಂದು ಕೇಳುತ್ತಿದ್ದಳು. ಅತ್ತೆ ನಗುತ್ತಿದ್ದಳು, ನಕ್ಕ ಮೇಲೆ ಅವಳ ಜಡೆಯನ್ನು ಮುಟ್ಟಿ ನೋಡುತ್ತಿದ್ದಳು. ಮೊದಲೆಲ್ಲ ಪುಂಗನೂರಿನ ತನ್ನ ಮದುವೆಯ ಊಟದ ಸಾಲಿನಲ್ಲಿ ಯಾರ ಪಕ್ಕ ಯಾರು ಕೂತಿದ್ದರು ಎನ್ನುವುದನ್ನು ಕೂಡ ಹೇಳುತ್ತಿದ್ದವಳು, ಈಗ ಬೆಳಿಗ್ಗೆ ತುಳಸಿಗೆ ನೀರು ಹಾಕಿದೆನೋ ಇಲ್ಲವೋ ಎಂದು ಮಣ್ಣು ಒತ್ತಿ ನೋಡುವವಳಾದಳು.

ಸಂಜೆ ದೀಪ ಹಚ್ಚಿದ ಮೇಲೆ ಅವಳು ನನ್ನನ್ನು ಕರೆಯುತ್ತಿದ್ದಳು. ಅಮ್ಮನನ್ನು ಕೇಳಲು ಸಂಕೋಚ, ಅಪ್ಪನನ್ನು ಕೇಳುವಂತಿಲ್ಲ.

"ಒಲೆ ಒಂದ್ಸಲ ನೋಡ್ಕೊಂಡು ಬಾ ನಾಯನಾ. ನಾನೇನಾದ್ರೂ ಇಟ್ಟಿದ್ದೀನಾ ಅಂತ."

ಅವಳು ಒಲೆಯ ಹತ್ತಿರ ಹೋಗಿಯೇ ಇರುತ್ತಿರಲಿಲ್ಲ. ಆದರೂ ನಾನು ಅಡಿಗೆಮನೆಗೆ ಹೋಗಿ, ಒಲೆ ನೋಡಿ, ವಾಪಸು ಬಂದು ಹೇಳುತ್ತಿದ್ದೆ. ಅವಳು ಒಬ್ಬಳೇ ಇರುತ್ತಿದ್ದಳು, ನಾನೂ ಒಬ್ಬನೇ ಇರುತ್ತಿದ್ದೆ. ಇನ್ನೊಂದೇ ಒಂದು ಮಾತು ಸೇರಿಸುವುದಕ್ಕೆ ಅದಕ್ಕಿಂತ ಸಲೀಸಾದ ಗಳಿಗೆ ಬೇಕಾಗಿರಲಿಲ್ಲ. ಹೊಡೆತದ ಭಯ ಮೊದಲ ವರ್ಷಕ್ಕೇ ಹೋಗಿತ್ತು. ಜಾಣ ಹುಡುಗ ಎಂಬ ಹೆಸರಿತ್ತಲ್ಲ, ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ.

ಆಮೇಲೆ ನಾನು ಕೋಲಾರದ ಹೈಸ್ಕೂಲು ಸೇರಿ ಅಲ್ಲೇ ಬಂಧುಗಳ ಮನೆಯಲ್ಲಿ ಉಳಿದೆ. ಒಂದು ಬೇಸಿಗೆ ರಜೆಗೆ ಬಂದಾಗ ಅತ್ತೆ ಹಿತ್ತಲಿನ ಚಪ್ಪರದ ಕೆಳಗೆ, ಕುಂಪಟಿ ಇಡುತ್ತಿದ್ದ ಜಾಗದಲ್ಲೇ ಕಾಲು ಚಾಚಿ ಕೂತಿದ್ದಳು. ಬೆರಳುಗಳು ಮಡಿಲಲ್ಲಿ ತಮ್ಮಷ್ಟಕ್ಕೆ ಆಡುತ್ತಿದ್ದವು, ಕಾಳು ಉರುಳಿಸುವ ಹಾಗೆ. ನಾನು ಪಕ್ಕದಲ್ಲಿ ಕೂತೆ. ಕೋಲಾರದ ಊಟ ಹೇಗೆ, ಬಟ್ಟೆ ಯಾರು ಒಗೆಯುತ್ತಾರೆ ಎಂದೆಲ್ಲ ವಿಚಾರಿಸಿದ ಮೇಲೆ ಅವಳು ತಾನಾಗಿಯೇ ಹೇಳಿದಳು.

"ಆವತ್ತು ನಾನು ಬೂದಿ ಮುಚ್ಚಿದ್ದೆ ಕಣೋ. ಮುಚ್ಚಿದ ನೆನಪು ಈ ಕೈಯಲ್ಲಿ ಇವತ್ತಿಗೂ ಇದೆ. ಕೈ, ಮುಚ್ಚಿದ್ದೆ ಅನ್ನತ್ತೆ; ತಲೆ, ಇಲ್ಲ ಅನ್ನತ್ತೆ. ಯಾವುದನ್ನ ನಂಬಲಿ?"

ಅವಳು ನನ್ನ ಮುಖ ನೋಡುತ್ತಿದ್ದಳು. ಅನುಮಾನದಿಂದಲ್ಲ. ಓದಿದ ಹುಡುಗನಾದ್ದರಿಂದ ಇಂಥದ್ದು ಗೊತ್ತಿದ್ದೀತೆಂದು ಕೇಳಿದ್ದಳು. ಆ ಕೈಯನ್ನು ನಂಬು ಅತ್ತೆ ಎನ್ನಬೇಕಾಗಿತ್ತು.

"ಹೋಗ್ಲಿ ಬಿಡು ಅತ್ತೆ," ಎಂದೆ. "ಎಷ್ಟು ವರ್ಷದ ಮಾತು ಅದು."

ಹೌದು, ಹೋಗ್ಲಿ ಎಂದು ಅವಳೂ ತಲೆಯಾಡಿಸಿದಳು. ಬೆರಳಾಡಿಸುವುದನ್ನು ನಿಲ್ಲಿಸಿ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಅವಳು ತೀರಿಕೊಂಡಾಗ ನಾನು ಊರಿನಲ್ಲಿರಲಿಲ್ಲ. ಅಪ್ಪ, ಅಮ್ಮ, ಖಾದರ್ ಸಾಹೇಬರು, ಸರೋಜ, ಈಗ ಯಾರೂ ಉಳಿದಿಲ್ಲ. ಅತ್ತೆ ಅಂದು ಇದ್ದ ವಯಸ್ಸನ್ನು ನಾನು ಎಂದೋ ದಾಟಿದ್ದೇನೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತೇನೆ, ಮೊಮ್ಮಕ್ಕಳು ನಗುತ್ತಾರೆ, ನಾನೂ ನಗುತ್ತೇನೆ. ನನ್ನದು ನಿಜವಾದ ಮರೆವು, ನನಗೇ ಬಂದದ್ದು. ಅವಳದನ್ನು ನಾನು ಕೊಟ್ಟೆ. ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಎಷ್ಟೋ ಸಂಜೆಗಳಿದ್ದವು. ಪ್ರತಿ ಸಂಜೆಯೂ ನಾನು ಅಡಿಗೆಮನೆಯ ತನಕ ಹೋಗಿ, ಆರಿದ ಒಲೆಯ ಎದುರು ಒಂದು ಗಳಿಗೆ ನಿಂತು, ಅವಳಿಗೆ ಹೇಳಬೇಕಾದದ್ದನ್ನು ಬಾಯಲ್ಲಿ ಜೋಡಿಸಿಕೊಂಡೇ ವಾಪಸು ಬರುತ್ತಿದ್ದೆ. ಅವಳು ಗೋಡೆಗೆ ಒರಗಿ ಕಾಯುತ್ತಿರುತ್ತಿದ್ದಳು.

"ಏನೂ ಇಲ್ಲ ಅತ್ತೆ," ಎನ್ನುತ್ತಿದ್ದೆ. "ನೀನೇನೂ ಇಟ್ಟಿಲ್ಲ."